ಬಂಗಾರಪೇಟೆಯ ಅಮೆರಿಕಾ ಮೇಷ್ಟ್ರು

ನಮ್ಮ ಟೈಪಿಂಗ್ ಮೇಷ್ಟ್ರ ಎಡಗೈಯ ಕಿರುಬೆರಳು ಅರ್ಧಕ್ಕೇ ಮುಗಿದಿತ್ತು. ಚಿಕ್ಕಂದಿನಲ್ಲಿ ಊರಿನಲ್ಲಿ ಹಸುಗಳಿಗೆ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋದದ್ದಂತೆ. ಟೈಪ್‌ರೈಟರಿನಲ್ಲಿ ಇಂಗ್ಲಿಷಿನ ಮೊದಲನೆಯ ಅಕ್ಷರವನ್ನು ಒತ್ತಬೇಕಾದ ಬೆರಳು ಅದೇ. ಅವರು ಪಕ್ಕದ ಬೆರಳನ್ನು ಓರೆ ಮಾಡಿ ಆ ಅಕ್ಷರ ಹೊಡೆಯುತ್ತಿದ್ದರು. ನೋಡುವವರಿಗೆ ಕೈ ಕುಂಟಿದಂತೆ ಕಾಣುತ್ತಿತ್ತು, ಆದರೆ ಹಾಳೆಯ ಮೇಲೆ ಒಂದು ತಪ್ಪೂ ಇರುತ್ತಿರಲಿಲ್ಲ. ನಾವು ಯಾರಾದರೂ ಸೋಮಾರಿತನಕ್ಕೆ ಹಾಗೆ ಮಾಡಿದರೆ ಮರದ ಸ್ಕೇಲು ಬೆರಳಿನ ಮೇಲೆ ಮೆಲ್ಲಗೆ ಬೀಳುತ್ತಿತ್ತು. "ನನಗೆ ಬೆರಳಿಲ್ಲ. ನಿನಗೇನಾಗಿದೆ?" ಎನ್ನುತ್ತಿದ್ದರು.

ಅವರ ಇನ್‌ಸ್ಟಿಟ್ಯೂಟ್ ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ, ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಏಳು ಟೈಪ್‌ರೈಟರುಗಳು, ಎರಡು ಬೆಂಚು, ಶಾರ್ಟ್‌ಹ್ಯಾಂಡ್ ಕಲಿಯುವವರಿಗೆ ಒಂದು ಉದ್ದನೆಯ ಮೇಜು. ತುರ್ತು ಪರಿಸ್ಥಿತಿ ಮುಗಿದ ವರ್ಷ ನಾನು ಅಲ್ಲಿಗೆ ಸೇರಿದೆ. ಪಿಯುಸಿ ಮುಗಿಸಿದ್ದೆ. ನಮ್ಮಪ್ಪ ಉರಿಗಾಂನಲ್ಲಿ ಚಿನ್ನದ ಗಣಿಯ ಕೆಲಸಗಾರರು. ನೆಲದ ಕೆಳಗೆ ಮೇಲಿನ ಬಂಡೆ ಕುಸಿಯದಂತೆ ಮರದ ತೊಲೆ ನಿಲ್ಲಿಸುವ ಕೆಲಸ. ಬೆಳಗಿನ ರೈಲಿನಲ್ಲಿ ಬಂದು, ಎರಡು ಗಂಟೆ ಕಲಿತು, ಮಧ್ಯಾಹ್ನದ ರೈಲಿಗೆ ವಾಪಸು ಹೋಗುತ್ತಿದ್ದೆ.

ಅವರನ್ನು ಊರಿನಲ್ಲಿ ಎಲ್ಲರೂ ಅಮೆರಿಕಾ ಮೇಷ್ಟ್ರು ಎನ್ನುತ್ತಿದ್ದರು. ಅಮೆರಿಕಾ ಇರಲಿ, ಮದರಾಸಿನಿಂದ ಆಚೆಗೂ ಅವರು ಹೋದವರಲ್ಲ. ಬಂಗಾರಪೇಟೆಗೆ ನಾಲ್ಕು ಮೈಲಿ ದೂರದ ಹಳ್ಳಿಯವರು, ರಾಗಿ ಬೆಳೆಯುವ, ಹಾಲು ಕರೆಯುವ ಮನೆತನ. ಹರೆಯದಲ್ಲಿ ಆಂಧ್ರದ ಗಡಿಯ ಕಡೆ ಅಮೆರಿಕದ ಡಾಕ್ಟರ್ ದಂಪತಿ ನಡೆಸುತ್ತಿದ್ದ ಒಂದು ಮಿಷನ್ ಆಸ್ಪತ್ರೆಯಲ್ಲಿ ಹತ್ತು ವರ್ಷ ಟೈಪಿಸ್ಟ್ ಆಗಿದ್ದರು. ಆ ದಂಪತಿ ವಯಸ್ಸಾಗಿ ತಮ್ಮ ದೇಶಕ್ಕೆ ಮರಳಿದ ಮೇಲೆ ಡಾಕ್ಟರಮ್ಮ ತನ್ನ ಹುಟ್ಟೂರಿನ ವಾರಪತ್ರಿಕೆಗಳನ್ನು ಕಟ್ಟು ಕಟ್ಟಿ ಹಡಗಿನ ಅಂಚೆಯಲ್ಲಿ ಇವರಿಗೆ ಕಳಿಸುತ್ತಿದ್ದರು. ಮೂರು ನಾಲ್ಕು ತಿಂಗಳು ತಡವಾಗಿ ಬರುತ್ತಿದ್ದವು. ಆಕೆಯ ಹುಟ್ಟೂರು ಜೋಳದ ಹೊಲಗಳ ನಡುವಿನ ಪುಟ್ಟ ಊರಂತೆ. ಪತ್ರಿಕೆಯ ಸಂಪಾದಕ ಒಬ್ಬ ಮುದುಕ. ವಾರಕ್ಕೊಂದು ಲೇಖನ ಬರೆಯುತ್ತಿದ್ದ. ಮೇಷ್ಟ್ರು ಆ ಲೇಖನಗಳನ್ನು ಕತ್ತರಿಸಿ, ರಟ್ಟಿಗೆ ಅಂಟಿಸಿ, ಪದಗಳನ್ನು ಎಣಿಸಿ, ಇದು ನಿಮಿಷಕ್ಕೆ ಎಂಬತ್ತು ಪದದ್ದು, ಇದು ನೂರರದ್ದು ಎಂದು ಗುರುತು ಹಾಕಿ ನಮಗೆ ಡಿಕ್ಟೇಷನ್ ಕೊಡುತ್ತಿದ್ದರು.

ಹೀಗೆ ಬಂಗಾರಪೇಟೆಯ ಮಹಡಿಯ ಮೇಲೆ ಕೂತು ನಾವು, ಹಳ್ಳಿಯ ರೈತರ ಮಕ್ಕಳು, ಆಂಡರ್ಸನ್‌ಪೇಟೆಯ ಅಂಗಡಿಯವರ ಮಕ್ಕಳು, ಗಣಿ ಕಂಪನಿ ಸಾಲಾಗಿ ಕಟ್ಟಿಸಿದ ಲೈನ್ ಮನೆಗಳ ಮಕ್ಕಳು, ಅಮೆರಿಕದ ಒಬ್ಬ ಮುದುಕನ ಅಭಿಪ್ರಾಯಗಳನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆವು. ಸರ್ಕಾರ ಚಿಕ್ಕದಾಗಿರಬೇಕು. ತೆರಿಗೆ ಕಡಿಮೆ ಇರಬೇಕು. ಬೆಲೆಯನ್ನು ಸಂತೆ ಗೊತ್ತು ಮಾಡಬೇಕು, ಅಧಿಕಾರಿ ಅಲ್ಲ. ರಷ್ಯಾದವರನ್ನು ನಂಬಬಾರದು, ಸೈನ್ಯ ಬಲವಾಗಿರಬೇಕು. ಶಾಲೆಯಲ್ಲಿ ಪ್ರಾರ್ಥನೆ ನಿಲ್ಲಿಸಿದ್ದು ತಪ್ಪು. ಮನೆ ಗಟ್ಟಿಯಾಗಿದ್ದರೆ ದೇಶ ಗಟ್ಟಿ. ಅರ್ಥವಾಗದ ಪದಗಳನ್ನು ಮೇಷ್ಟ್ರು ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ, ತಮಿಳಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಬೇರೆಯವರ ಮಾತು ಓದುವ ಧಾಟಿ ಇರುತ್ತಿರಲಿಲ್ಲ. ಅವರು ಅದನ್ನೆಲ್ಲ ನಂಬಿದ್ದರು.

ನಂಬಿದ್ದಷ್ಟೇ ಅಲ್ಲ, ಹಾಗೇ ಬದುಕುತ್ತಿದ್ದರು. ಯಂತ್ರ ಕೊಳ್ಳಲು ಸಬ್ಸಿಡಿ ಸಾಲ ಕೊಡಿಸುತ್ತೇನೆ ಎಂದು ಬಂದವರನ್ನು ಕಾಫಿ ಕುಡಿಸಿ ಕಳಿಸಿದರಂತೆ. "ಇವತ್ತು ಅವರ ದುಡ್ಡು ಬಂದರೆ ನಾಳೆ ಅವರ ಫೋಟೋ ಬರ್ತದೆ" ಎಂದು ಹೇಳುತ್ತಿದ್ದರು. ತುರ್ತು ಪರಿಸ್ಥಿತಿಯಲ್ಲಿ ಅಂಗಡಿ ಅಂಗಡಿಗೂ ನಾಯಕರ ಫೋಟೋ ಬಂದಾಗ, ಯಾರೋ ನಾಲ್ಕು ಜನ ಇಲ್ಲಿಗೂ ಒಂದನ್ನು ತಂದು ಗೋಡೆ ತೋರಿಸಿದರಂತೆ. ಆ ಗೋಡೆಯಲ್ಲಿ ಯಾವ ಬೆರಳು ಯಾವ ಅಕ್ಷರಕ್ಕೆ ಎಂದು ತೋರಿಸುವ ಚಾರ್ಟು ತೂಗುತ್ತಿತ್ತು. "ಇದನ್ನ ತೆಗೆದರೆ ಮಕ್ಕಳು ಏನು ನೋಡಿ ಕಲೀಬೇಕು?" ಎಂದು ಕೇಳಿದರಂತೆ. ಬಂದವರು ಫೋಟೋ ಸಮೇತ ಇಳಿದು ಹೋದರು.

ದೇಶದ ರಕ್ಷಣೆಯ ಮಾತು ಬಂದರೆ ಅವರಿಗೆ ತಮ್ಮನ ನೆನಪಾಗುತ್ತಿತ್ತು. ತಮ್ಮ ಚೀನಾ ಯುದ್ಧಕ್ಕೆ ಹೋಗಿ, ಹಿಮದಲ್ಲಿ ಕಾಲಿನ ಬೆರಳುಗಳನ್ನು ಕಳೆದುಕೊಂಡು ಬಂದಿದ್ದ. "ಶಾಂತಿ ಅಂತ ಭಾಷಣ ಮಾಡೋರು ಮೊದಲು ಹುಡುಗರ ಕಾಲಿಗೆ ಬೂಟು ಕೊಡಬೇಕಿತ್ತು" ಎಂದು ಒಮ್ಮೆ ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು. ದೇವರ ವಿಷಯದಲ್ಲೂ ಹಾಗೇ. ಬೆಳಿಗ್ಗೆ ಯಂತ್ರ ಮುಟ್ಟುವ ಮುಂಚೆ ಎಲ್ಲರೂ ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲಬೇಕು. ಯಾವ ದೇವರು ಎಂದು ಅವರು ಯಾವತ್ತೂ ಕೇಳಲಿಲ್ಲ. ಅವರು ಹಣೆಗೆ ವಿಭೂತಿ ಇಟ್ಟವರು, ಪಕ್ಕದಲ್ಲಿ ಶಿಲುಬೆಯ ಗುರುತು ಹಾಕಿಕೊಳ್ಳುವ ಹುಡುಗಿ, ಅದರಾಚೆ ಟೋಪಿ ಹಾಕಿದ ಹುಡುಗ. "ಮೇಲೊಬ್ಬ ನೋಡ್ತಾನೆ ಅಂತ ಇದ್ದರೆ ಕೈ ತಪ್ಪು ಹೊಡೆಯಲ್ಲ" ಎನ್ನುವುದು ಅವರ ಲೆಕ್ಕ. ನಮ್ಮ ಮನೆಯಲ್ಲಿ ದೇವರಿರಲಿಲ್ಲ. ಅಪ್ಪ ಯೂನಿಯನ್ನಿನವರು, ಕೆಂಪು ಬಾವುಟದವರು. ಆ ಒಂದು ನಿಮಿಷ ನಾನು ಕಣ್ಣು ಮುಚ್ಚಿ ರೈಲಿನ ಸದ್ದು ಕೇಳುತ್ತಿದ್ದೆ.

ಸೇರಿ ಒಂದು ವರ್ಷವಾಗಿರಬೇಕು. ಒಂದು ದಿನ ಮೇಷ್ಟ್ರು ಹೊಸ ಕಟ್ಟಿನಿಂದ ಒಂದು ಲೇಖನ ತೆಗೆದು ನೂರು ಪದದ ವೇಗದಲ್ಲಿ ಓದತೊಡಗಿದರು. ಅಲ್ಲಿ ಕಲ್ಲಿದ್ದಲ ಗಣಿಗಳ ಕೆಲಸಗಾರರು ಮುಷ್ಕರ ಹೂಡಿದ್ದರಂತೆ. ಮುದುಕನಿಗೆ ಸಿಟ್ಟು ಬಂದಿತ್ತು. ಚಳಿಗಾಲದಲ್ಲಿ ಕಲ್ಲಿದ್ದಲು ತಡೆದವನು ದೇಶದ ಕುತ್ತಿಗೆಗೆ ಕೈ ಹಾಕಿದ್ದಾನೆ, ದುಡಿಯಲು ಒಲ್ಲದವನ ಮನೆಯನ್ನು ಸರ್ಕಾರ ಸಾಕಬಾರದು, ನಿಜವಾದ ಕಷ್ಟ ಬಂದಾಗ ನೆರೆಯವರಿದ್ದಾರೆ, ಚರ್ಚಿದೆ, ಅದೇ ಧರ್ಮ ಎಂದು ಬರೆದಿದ್ದ. ಅರ್ಧದವರೆಗೂ ನನ್ನ ಪೆನ್ಸಿಲು ಓಡಿತು. ಆಮೇಲೆ ಅದನ್ನು ಮೇಜಿನ ಮೇಲಿಟ್ಟೆ.

ಮೇಷ್ಟ್ರು ಓದುವುದನ್ನು ನಿಲ್ಲಿಸಿದರು. "ಯಾಕಮ್ಮ?"

"ಇದು ನಮ್ಮಪ್ಪನ್ನ ಬೈದಂಗೈತೆ ಸಾರ್."

"ಇದು ಡಿಕ್ಟೇಷನ್. ಒಪ್ಪು ಅಂತ ನಾನು ಹೇಳ್ತಿಲ್ಲ. ಬರಿ ಅಂತ ಹೇಳ್ತಿದೀನಿ."

"ನೀವು ಒಪ್ತೀರಾ ಸಾರ್?"

ಅವರು ಸುಳ್ಳು ಹೇಳುವವರಲ್ಲ. ರಟ್ಟನ್ನು ಕೆಳಗಿಟ್ಟರು. "ಹೂಂ, ಒಪ್ತೀನಿ" ಎಂದರು.

ನಾನು ಪುಸ್ತಕ ಮಡಚಿ ಮೆಟ್ಟಿಲಿಳಿದು ಬಂದುಬಿಟ್ಟೆ. ಮಧ್ಯಾಹ್ನದ ರೈಲಿಗೆ ಇನ್ನೂ ಸಮಯವಿತ್ತು. ಪ್ಲಾಟ್‌ಫಾರಂನಲ್ಲಿ ಕೂತು ಅತ್ತೆ. ಅಪ್ಪನಿಗೆ ಸಿಟ್ಟು ಬಂದು ಇನ್‌ಸ್ಟಿಟ್ಯೂಟ್ ಬಿಡಿಸುತ್ತಾರೆ ಎಂಬ ಭಯವೂ ಇತ್ತು. ಲೈನ್ ಮನೆಗಳಲ್ಲಿ ಆಗಲೇ ಕೆಲವರು ಅಪ್ಪನನ್ನು ಚುಚ್ಚುತ್ತಿದ್ದರು: ಯೂನಿಯನ್ ಲೀಡರ್ ಮಗಳು ಅಮೆರಿಕಾ ಏಜೆಂಟಿನ ಹತ್ತಿರ ಪಾಠ ಕಲೀತಾಳೆ ಅಂತ.

ಅಪ್ಪ ಎಲ್ಲ ಕೇಳಿದರು. ಬೈಯಲಿಲ್ಲ. ವಾರದ ರಜೆಯ ದಿನ ಒಗೆದ ಅಂಗಿ ಹಾಕಿಕೊಂಡು ನನ್ನ ಜೊತೆ ರೈಲು ಹತ್ತಿದರು. ಮಹಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಮೇಷ್ಟ್ರು ಎದ್ದು ತಮ್ಮ ಕುರ್ಚಿಯನ್ನೇ ಮುಂದಕ್ಕೆ ತಳ್ಳಿದರು. ಅಪ್ಪ ಕೂರಲಿಲ್ಲ.

"ಜಗಳಕ್ಕೆ ಬಂದಿಲ್ಲ ಮೇಷ್ಟ್ರೇ. ಒಂದ್ ಮಾತು ಕೇಳ್ಬೇಕಿತ್ತು. ಆ ಅಮೆರಿಕಾದೋರು ಯಾವತ್ತಾದ್ರೂ ಗಣಿಯೊಳಕ್ಕೆ ಇಳ್ದವ್ರಾ?"

"ಗೊತ್ತಿಲ್ಲಪ್ಪ. ಅವರದು ಜೋಳ ಬೆಳೆಯೋ ಊರು."

"ನೀವು?"

"ಇಲ್ಲ."

"ಅಂಗಾದ್ರೆ ಬನ್ನಿ. ನಾನು ಕರ್ಕೊಂಡೋಗಿ ತೋರುಸ್ತೀನಿ. ನೋಡ್ಕೊಂಡು ಬಂದ್ಮೇಲೂ ಅದೇ ಸರಿ ಅನ್ನಿಸಿದ್ರೆ ಬರೆಸಿ. ನನ್ ಮಗಳೂ ಬರೀತಾಳೆ, ನಾನು ಏಳ್ತೀನಿ ಅವಳಿಗೆ."

ಮೇಷ್ಟ್ರು ಕೂಡಲೇ ಒಪ್ಪಿಕೊಂಡರು. ಅಪ್ಪ ಯಾರ ಯಾರನ್ನೋ ಕೇಳಿ ಅನುಮತಿ ಚೀಟಿ ಮಾಡಿಸಿದರು. ಮೇಷ್ಟ್ರು ಬಿಳಿ ಪಂಚೆಯ ಬದಲು ಯಾರದೋ ಪ್ಯಾಂಟು ಹಾಕಿಕೊಂಡು, ತಲೆಗೆ ದೀಪದ ಟೋಪಿ ಇಟ್ಟುಕೊಂಡು, ಕಬ್ಬಿಣದ ಪಂಜರದಂಥ ಲಿಫ್ಟಿನಲ್ಲಿ ಕೆಳಗಿಳಿದರು. ನಾನು ನೋಡಲಿಲ್ಲ, ಹೆಂಗಸರಿಗೆ ಪ್ರವೇಶವಿರಲಿಲ್ಲ. ಅಪ್ಪ ಆಮೇಲೆ ಹೇಳಿದ್ದು. ಪಂಜರ ಇಳಿಯುವಾಗ ಮೇಷ್ಟ್ರು ಅಪ್ಪನ ತೋಳು ಹಿಡಿದುಕೊಂಡವರು ಮೇಲೆ ಬರುವವರೆಗೂ ಬಿಡಲಿಲ್ಲವಂತೆ. ಒಳಗಿನ ಬಿಸಿಗೆ ಅಂಗಿ ಮೈಗೆ ಅಂಟಿ, ಉಸಿರು ಸಿಗದೆ ಎರಡು ಸಲ ಕೂತರಂತೆ. ಅಪ್ಪ ನಿಲ್ಲಿಸಿದ್ದ ತೊಲೆಯೊಂದರ ಮೇಲೆ ಕೈಯಿಟ್ಟು, ಮೇಲಿನ ಬಂಡೆ ನೋಡಿ, "ಇದು ಬಿದ್ದರೆ?" ಎಂದು ಕೇಳಿದರಂತೆ. "ಬೀಳದಂಗೆ ನೋಡ್ಕೊಳ್ಳೋದೇ ನನ್ ಕೆಲಸ" ಎಂದರಂತೆ ಅಪ್ಪ.

ಮೇಲೆ ಬಂದವರನ್ನು ಅಪ್ಪ ನಮ್ಮ ಮನೆಗೆ ಕರೆತಂದರು. ಲೈನ್ ಮನೆಯ ಒಂದೇ ಕೋಣೆ. ಅವ್ವ ಕಾಫಿ ಮಾಡಿ ಲೋಟ ಹಿಡಿದು ಬಾಗಿಲ ಹತ್ತಿರವೇ ನಿಂತಳು. ಕೊಡಬಹುದೋ ಬಾರದೋ ಅವಳಿಗೆ ತಿಳಿಯಲಿಲ್ಲ. ಮೇಷ್ಟ್ರ ಊರಿನ ಕಡೆಯಲ್ಲಿ ನಮ್ಮ ತಾತ ಅವರಂಥವರ ಮನೆಯ ಜಗಲಿಯನ್ನೂ ಮುಟ್ಟಿದವರಲ್ಲ. ಮೇಷ್ಟ್ರು ಎದ್ದು ಹೋಗಿ ಲೋಟ ಇಸಿದುಕೊಂಡರು.

ಕಾಫಿ ಕುಡಿಯುತ್ತ ಅವರು ಹೇಳಿದರು: "ಕೆಲಸ ಕಷ್ಟದ್ದು. ದುಡಿಯಲು ಒಲ್ಲದವರು ಅಂತ ಬರೆದದ್ದು ತಪ್ಪು, ಅದನ್ನ ಒಪ್ಪಿಕೊಂಡೆ. ಆದರೂ ಯಜಮಾನರೇ, ಎಲ್ಲಾನೂ ಸರ್ಕಾರವೇ ನೋಡ್ಕೋಬೇಕು ಅನ್ನೋದು ನನಗೆ ಈಗಲೂ ಸರಿ ಕಾಣಲ್ಲ. ಸರ್ಕಾರಕ್ಕೆ ಮುಖ ಇಲ್ಲ. ಕಷ್ಟಕ್ಕೆ ಅಕ್ಕಪಕ್ಕದವರು ಆಗಬೇಕು."

ಅಪ್ಪ ಬೀಡಿ ಹಚ್ಚಲು ಹೋದವರು ನಿಲ್ಲಿಸಿದರು. "ಮೇಷ್ಟ್ರೇ, ನಾನು ಉಟ್ಟಿ ಬೆಳ್ದಿದ್ದು ನಿಮ್ಮೂರಿಂದ ಮೂರೇ ಮೈಲಿ. ನಮ್ಮಪ್ಪ ಜ್ವರ ಬಂದು ಮಲಗಿದ್ದಾಗ ನಮ್ಮವ್ವ ನಿಮ್ಮಂತೋರ ಮನೆ ಮುಂದೆ ಬೆಳಗಿಂದ ಮಧ್ಯಾನದಗಂಟ ನಿಂತಿದ್ಲು. ನಾನು ಸೆರಗು ಇಡ್ಕೊಂಡು ನಿಂತಿದ್ದೆ. ಮಧ್ಯಾನಕ್ಕೆ ಒಂದ್ ಬೊಗಸೆ ರಾಗಿ ಉಯ್ದ್ರು, ಎತ್ತರದಿಂದ, ಕೈ ತಗಲಬಾರ್ದು ಅಂತ. ಅಕ್ಕಪಕ್ಕದೋರು ಅಂದ್ರೆ ನಮಗೆ ಅವರೇಯ. ಈ ಮನೆ ಮೊದ್ಲು ಕಂಪ್ನಿ ಕೊಡ್ತು, ಆಮೇಕೆ ಸರ್ಕಾರದ್ದಾಯ್ತು. ಮುಖ ಇಲ್ಲ ಅಂದ್ರಲ್ಲ, ಅದೇ ವಾಸಿ. ಮುಖ ಇಲ್ದೋರು ನಮ್ಮ ಮುಖಾನೂ ನೋಡಲಿಲ್ಲ. ಒರಗೆ ನಿಲ್ಲು ಅನ್ನಲಿಲ್ಲ."

ಮೇಷ್ಟ್ರು ಉಳಿದ ಕಾಫಿ ಕುಡಿದು, ಎದ್ದು, ಹೊರಗಿನ ನಲ್ಲಿಯಲ್ಲಿ ಆ ಲೋಟವನ್ನು ತಾವೇ ತೊಳೆದು ಬೋರಲು ಹಾಕಿದರು. ಅವ್ವ "ಬ್ಯಾಡಿ ಸ್ವಾಮಿ, ಬ್ಯಾಡಿ" ಎನ್ನುತ್ತಿದ್ದಳು. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ನಾನು ಮತ್ತೆ ಪಾಠಕ್ಕೆ ಹೋಗತೊಡಗಿದೆ. ಹತ್ತು ಹದಿನೈದು ದಿನ ಅವರು ಹೊಸ ಲೇಖನ ತೆಗೆಯಲಿಲ್ಲ, ಹಳೆಯದನ್ನೇ ಬರೆಸಿದರು. ಒಂದು ಬೆಳಿಗ್ಗೆ ಉಳಿದವರು ಹೋದ ಮೇಲೆ ನನ್ನನ್ನು ಕೂರಿಸಿ, "ಒಂದು ಕಾಗದ ಇದೆ. ನೀನೇ ಟೈಪ್ ಮಾಡಬೇಕು" ಎಂದರು. ಆ ಸಂಪಾದಕನಿಗೆ ಬರೆದದ್ದು. ಹದಿಮೂರು ವರ್ಷದಿಂದ ಅವನ ಬರಹ ಓದಿದ್ದರೂ ಅವರು ಅವನಿಗೆ ಒಂದು ಸಾಲೂ ಬರೆದಿರಲಿಲ್ಲ.

ಇಂಗ್ಲಿಷಿನಲ್ಲಿದ್ದ ಆ ಕಾಗದ ನನಗೆ ಹೆಚ್ಚುಕಡಿಮೆ ಪೂರ್ತಿ ನೆನಪಿದೆ. ತಾನು ಯಾರು, ಅವನ ಲೇಖನಗಳನ್ನು ಎಲ್ಲಿ ಯಾವುದಕ್ಕೆ ಬಳಸುತ್ತೇನೆ ಎಂದು ಮೊದಲು ಹೇಳಿದ್ದರು. ನಿಮ್ಮ ಬಹುಪಾಲು ಮಾತುಗಳನ್ನು ನಾನು ನನ್ನ ಮಾತೇ ಎಂದು ತಿಳಿದಿದ್ದೇನೆ ಎಂದು ಬರೆದಿದ್ದರು. ಆಮೇಲೆ ಗಣಿಗೆ ಇಳಿದದ್ದು. ಕೊನೆಗೆ ಹೀಗಿತ್ತು: "ಕಷ್ಟ ಬಂದಾಗ ನೆರೆಯವರು ನೋಡಿಕೊಳ್ಳುತ್ತಾರೆ ಎಂದು ನೀವು ಬರೆದಿದ್ದೀರಿ. ನಮ್ಮ ಸೀಮೆಯಲ್ಲಿ ಆ ನೆರೆಯವರು ನಾವೇ. ನಾವು ನೋಡಿಕೊಳ್ಳಲಿಲ್ಲ. ನಿಮ್ಮ ಊರಿನಲ್ಲಿ ಹೇಗೋ ನನಗೆ ತಿಳಿಯದು. ನಾವು ಮಾಡದೆ ಬಿಟ್ಟ ಕೆಲಸವನ್ನು ಸರ್ಕಾರ ಮಾಡಿದಾಗ, ಅದನ್ನು ಮಾಡಬೇಡ ಎನ್ನುವ ಹಕ್ಕು ನನಗಿದೆಯೇ ಎಂದು ಯೋಚಿಸುತ್ತಿದ್ದೇನೆ."

ಆ ಸಾಲುಗಳನ್ನು ಹೊಡೆಯುವಾಗ ನನ್ನ ಬೆರಳು ತಪ್ಪಿತು. ಅವರು ಸ್ಕೇಲು ಎತ್ತಲಿಲ್ಲ. "ಇನ್ನೊಂದು ಹಾಳೆ ಹಾಕಮ್ಮ" ಎಂದರು.

ಆರು ತಿಂಗಳ ಮೇಲೆ ಉತ್ತರ ಬಂತು. ಮುದುಕ ಆ ಕಾಗದವನ್ನು ತನ್ನ ಲೇಖನದ ಜಾಗದಲ್ಲಿ ಒಂದು ಪದವನ್ನೂ ಬಿಡದೆ ಅಚ್ಚು ಹಾಕಿ ಆ ಹಾಳೆಯನ್ನು ಕಳಿಸಿದ್ದ. ಜೊತೆಗೆ ಕೈಬರಹದ ನಾಲ್ಕು ಸಾಲು. ನಿಮ್ಮ ತೀರ್ಮಾನ ನನಗೆ ಒಪ್ಪಿಗೆಯಿಲ್ಲ, ಆದರೆ ನೆರೆಯವರ ಬಗ್ಗೆ ನೀವು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವೂ ಇಲ್ಲ, ಈ ವಾರ ಪ್ರಾರ್ಥನೆಯಲ್ಲಿ ಅದನ್ನೇ ಯೋಚಿಸಿದೆ ಎಂದು ಬರೆದಿದ್ದ. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಮಾರನೆಯ ದಿನ ಮುಷ್ಕರದ ಲೇಖನವನ್ನು ಪೂರ್ತಿ ಡಿಕ್ಟೇಷನ್ ಕೊಟ್ಟರು. ಅದರ ಮಾರನೆಯ ದಿನ ತಮ್ಮ ಕಾಗದ ಕೊಟ್ಟರು. ಎರಡಕ್ಕೂ ಒಂದೇ ವೇಗ. ಈ ಸಲ ನಾನು ಎರಡನ್ನೂ ಕೊನೆಯವರೆಗೆ ಬರೆದೆ.

ಅವರ ಅಭಿಪ್ರಾಯಗಳು ಬದಲಾದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಸರ್ಕಾರದ ಮೇಲಿನ ಅವರ ಅನುಮಾನ ಹೋಗಲಿಲ್ಲ. ಗಣಿಯಲ್ಲಿ ಚಿನ್ನ ಕಡಿಮೆಯಾಗುತ್ತ ಬಂದಾಗ, ನಷ್ಟದಲ್ಲಿ ಎಷ್ಟು ದಿನ ನಡೆಸುತ್ತಾರೆ, ಮಕ್ಕಳಿಗೆ ಬೇರೆ ಕೆಲಸ ಕಲಿಸಿ ಎಂದು ಅಪ್ಪನ ಮುಖಕ್ಕೇ ಹೇಳುತ್ತಿದ್ದರು. ಅಪ್ಪ ಮೇಜು ಗುದ್ದಿ ಉತ್ತರ ಕೊಡುತ್ತಿದ್ದರು. ಆದರೆ ಇಬ್ಬರೂ ಈಗ ಒಂದೇ ಮೇಜಿನ ಎರಡು ಕಡೆ ಕೂರುತ್ತಿದ್ದರು.

ನಾನು ಶಾರ್ಟ್‌ಹ್ಯಾಂಡಿನ ಸೀನಿಯರ್ ಪರೀಕ್ಷೆ ಪಾಸಾಗಿ ಕೋಲಾರದ ಕೋರ್ಟಿನಲ್ಲಿ ಸ್ಟೆನೋಗ್ರಾಫರ್ ಆದೆ. ಮದುವೆಯಾಯಿತು. ಅಪ್ಪ ಕೆಲಸ ಬಿಟ್ಟ ಮೇಲೆ ಅವರ ಉಸಿರು ಕೆಡುತ್ತ ಬಂತು. ಕೆಳಗಿನ ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು. ಮೊದಲು ನಡೆಯುವುದು ನಿಂತಿತು, ಆಮೇಲೆ ಮಾತು. ನಾಲ್ಕು ಪದ ಆಡಿದರೆ ಐದನೆಯದಕ್ಕೆ ಗಾಳಿ ಇರುತ್ತಿರಲಿಲ್ಲ. ಮನೆಗೆ ಬರುವವರು ಕಡಿಮೆಯಾದರು. ಮಾತಾಡಲಾಗದವರ ಎದುರು ಎಷ್ಟು ಹೊತ್ತು ಕೂರುವುದು?

ಮೇಷ್ಟ್ರು ಪ್ರತಿ ಭಾನುವಾರ ಬಂದರು. ಬಂಗಾರಪೇಟೆಯಿಂದ ಬೆಳಗಿನ ರೈಲು, ಸಂಜೆಯ ರೈಲಿಗೆ ವಾಪಸು. ಸುಮಾರು ಎರಡು ವರ್ಷ ಹಾಗೆ ಬಂದರು. ಕೋಲಾರದಿಂದ ನಾನು ಹೋದ ಭಾನುವಾರಗಳಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ. ಅವರು ಮಂಚದ ಪಕ್ಕ ಮೊಣಕಾಲು ಮಡಚಿ ಕೂತು ಪತ್ರಿಕೆಯ ಸುದ್ದಿ ಓದುತ್ತಿದ್ದರು. ಒಂದು ಸುದ್ದಿ ಹಿಡಿದು ತಮ್ಮ ವಾದ ಹೇಳುತ್ತಿದ್ದರು. ಆಮೇಲೆ, "ಇದಕ್ಕೆ ನೀವೇನಂತೀರಿ ಅಂದರೆ" ಎಂದು ಶುರು ಮಾಡಿ, ಅಪ್ಪನ ಕಡೆಯ ವಾದವನ್ನೂ ತಾವೇ ಹೇಳುತ್ತಿದ್ದರು. ಅದನ್ನು ಸೋಲಲಿ ಎಂದು ಸೊರಗಿಸಿ ಹೇಳುತ್ತಿರಲಿಲ್ಲ. ಯೂನಿಯನ್ ಸಭೆಯಲ್ಲಿ ಅಪ್ಪ ನಿಂತು ಹೇಳುತ್ತಿದ್ದುದಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದರು. ಸರಿಯಾಗಿದ್ದರೆ ಅಪ್ಪ ಕಣ್ಣು ಮುಚ್ಚಿ ತೆಗೆಯುವರು. ತಪ್ಪಿದ್ದರೆ ಬೆರಳು ಆಡಿಸುವರು. ಆಗ ಮೇಷ್ಟ್ರು, "ಅಲ್ಲವಾ? ಸರಿ, ಹಿಂಗೆ ಹೇಳ್ತೀರಿ" ಎಂದು ತಿದ್ದಿಕೊಂಡು ಮತ್ತೆ ಹೇಳುವರು. ಒಮ್ಮೆ ಅಪ್ಪನ ವಾದ ಹೇಳಿ ಮುಗಿಸಿದ ಮೇಲೆ ಅದಕ್ಕೆ ತಮ್ಮ ಉತ್ತರವೇ ಹೊಳೆಯದೆ ಪತ್ರಿಕೆ ಮಡಚಿಟ್ಟರು. ಅಪ್ಪನ ಮುಖದಲ್ಲಿ ಅವತ್ತು ನಗು ಬಂದಿತ್ತು. ಆ ಕೋಣೆಯಲ್ಲಿ ನಾನು ಕಂಡ ಕೊನೆಯ ನಗು ಅದು.

ಅಪ್ಪ ತೀರಿಕೊಂಡ ದಿನ ಮೇಷ್ಟ್ರು ಬಂದು, ಹೆಗಲು ಕೊಡಲು ಮುಂದಾದರು. ಅವರ ಊರಿನವರು ಒಂದಿಬ್ಬರು ದೂರದಲ್ಲಿ ನಿಂತು ನೋಡುತ್ತಿದ್ದರು. ಸ್ಮಶಾನದವರೆಗೂ ಮೇಷ್ಟ್ರು ಹೆಗಲು ಬದಲಿಸಲಿಲ್ಲ.

ಕೆಲವು ವರ್ಷಗಳ ಮೇಲೆ ದೆಹಲಿಯಲ್ಲೇ ಗಾಳಿ ತಿರುಗಿತು. ಲೈಸೆನ್ಸು ಪರ್ಮಿಟ್ಟು ತೆಗೆಯಬೇಕು, ಸಂತೆ ಬೆಲೆ ಗೊತ್ತು ಮಾಡಲಿ, ನಷ್ಟದ ಕಾರ್ಖಾನೆ ಮುಚ್ಚಲಿ ಎಂದು ಮಂತ್ರಿಗಳೇ ಮಾತಾಡತೊಡಗಿದರು. ಅಮೆರಿಕಾ ಮೇಷ್ಟ್ರು ಇಪ್ಪತ್ತೈದು ವರ್ಷದಿಂದ ಹೇಳುತ್ತಿದ್ದುದೆಲ್ಲ ಪತ್ರಿಕೆಯ ಮೊದಲ ಪುಟಕ್ಕೆ ಬಂತು. ಆಗೊಮ್ಮೆ ಇನ್‌ಸ್ಟಿಟ್ಯೂಟಿಗೆ ಹೋಗಿದ್ದೆ. ಕಂಪ್ಯೂಟರ್ ಬಂದು ಕಲಿಯುವವರು ಇಬ್ಬರೋ ಮೂವರೋ ಉಳಿದಿದ್ದರು.

"ನೀವು ಹೇಳಿದ್ದೇ ಆಯ್ತಲ್ಲ ಸಾರ್. ಖುಷಿ ಇರಬೇಕು" ಎಂದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಹೇಳಿದ್ದು ಸರೀನೇ ಅಂತ ಈಗಲೂ ಅನ್ನಿಸ್ತದಮ್ಮ. ಆದರೆ ಹೇಳೋವಾಗ ನಿಮ್ಮಪ್ಪ ಎದುರಿಗೆ ಇರ್ತಿದ್ದರು. ಎಲ್ಲಿ ಅತಿಯಾಯ್ತು ಅಂತ ಬೆರಳು ಆಡಿಸೋರು. ಈಗ ಇವರೆಲ್ಲ ಹೇಳ್ತಿದಾರೆ, ಎದುರಿಗೆ ಯಾರೂ ಇಲ್ಲ. ಅದಕ್ಕೆ ಭಯ ಆಗ್ತದೆ."

ಅದಾದ ಎರಡನೆಯ ಬೇಸಿಗೆಯಲ್ಲಿ ಅವರು ಹೋದರು. ಊರಿನ ಮನೆಯಲ್ಲಿ ಬೆಳಿಗ್ಗೆ ಹಸುವಿಗೆ ನೀರಿಟ್ಟು ಬಂದು ಜಗಲಿಯಲ್ಲಿ ಒರಗಿದವರು ಏಳಲಿಲ್ಲವಂತೆ. ಸುದ್ದಿ ತಡವಾಗಿ ತಲುಪಿತು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆಯ ಮುಂದೆ ಅವರ ಹಳೆಯ ವಿದ್ಯಾರ್ಥಿಗಳು ನಿಂತಿದ್ದರು: ತಾಲ್ಲೂಕು ಕಚೇರಿಯವರು, ರೈಲ್ವೆಯವರು, ಬ್ಯಾಂಕಿನವರು, ಇಬ್ಬರು ನಮ್ಮ ಕೋರ್ಟಿನವರೇ. ಸರ್ಕಾರ ಚಿಕ್ಕದಾಗಿರಬೇಕು ಎಂದು ಬರೆಸಿದವರ ಕೈಯಲ್ಲಿ ಕಲಿತು ಎಲ್ಲರೂ ಸರ್ಕಾರದ ಕೆಲಸ ಹಿಡಿದಿದ್ದೆವು. ಅದನ್ನು ಯಾರೋ ಹೇಳಿದರು, ಯಾರಿಗೂ ನಗು ಬರಲಿಲ್ಲ.

ಕೋರ್ಟಿನಲ್ಲಿ ಇಷ್ಟು ವರ್ಷ ಎರಡೂ ಕಡೆಯ ಮಾತನ್ನು ಬರೆದಿದ್ದೇನೆ. ಕೇಳಿ ಮೈ ಉರಿಯುವ ಮಾತುಗಳನ್ನೂ ಹೇಳಿದವರ ಬಾಯಿಂದ ಬಂದ ಹಾಗೇ ಬರೆದಿದ್ದೇನೆ. ಇಷ್ಟನ್ನು ಮೇಷ್ಟ್ರ ಹೆಂಡತಿಗೆ ಹೇಳಬೇಕು ಎಂದುಕೊಂಡು ಒಳಗೆ ಹೋದೆ. ನಾನು ಹೇಳುವ ಮುಂಚೆ ಆಕೆಯೇ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀನು ಉರಿಗಾಂ ಯಜಮಾನರ ಮಗಳಲ್ವೇನಮ್ಮ?" ಎಂದರು. "ನಿಮ್ಮಪ್ಪ ಓದ ಮೇಲೆ ಇವರಿಗೆ ಭಾನುವಾರ ಬಂದ್ರೆ ಏನ್ ಮಾಡಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ. ರೈಲಿನ ಒತ್ತಿಗೆ ಒಗೆದ ಅಂಗಿ ಆಕ್ಕೊಂಡು ಜಗಲಿ ಮೇಲೆ ಕೂತಿರೋರು. ಎಲ್ಲಿಗೆ ಓಗ್ತೀರಿ ಅಂತ ನಾನೂ ಕೇಳ್ತಿರಲಿಲ್ಲ. ದೂರದಲ್ಲಿ ರೈಲು ಓದ ಸದ್ದು ಕೇಳಿದ ಮೇಲೆ ಒಳಕ್ಕೆ ಬಂದು ಅಂಗಿ ಬಿಚ್ಚಿ ಮೊಳೆಗೆ ಆಕೋರು."